ಮೇಷ್ಟ್ರ ಹಳ್ಳ

ಆಂಟೆನಾ ಮೇಜಿನ ಮೇಲೆ, ಹಳೆಯ ಟವೆಲ್ಲು ಹಾಸಿಕೊಂಡು ಅಂಗಾತ ಮಲಗಿತ್ತು. ಆದರೂ ಅಳೆಯುವ ಯಂತ್ರದ ಪರದೆಯ ಮೇಲೆ, ಗೆರೆಯ ನಡುವೆ ಹಳ್ಳ ಬಂತು. ಮೇಷ್ಟ್ರು ಮೊದಲು ಆಂಟೆನಾವನ್ನು ನೋಡಿದರು, ಆಮೇಲೆ ಪರದೆಯನ್ನು ನೋಡಿದರು, ಆಮೇಲೆ ತಮ್ಮನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲನ್ನು ನೋಡಿದರು. ಅವರು ಮಾಡಿದ್ದಿಷ್ಟೇ: ಅಳೆಯುವುದಕ್ಕೆ ಮುಂಚೆ ಕೇಬಲ್ಲುಗಳು ನೆಟ್ಟಗಿವೆಯೋ ಇಲ್ಲವೋ ನೋಡಿಬಿಡೋಣವೆಂದು ಎರಡು ಕೇಬಲ್ಲುಗಳ ಬಾಯಿಗೆ ಬಾಯಿ ಸೇರಿಸಿ, ನಡುವೆ ತಮ್ಮ ಅಡಾಪ್ಟರ್ ಒಂದನ್ನು ತಿರುಗಿಸಿ ಕೂರಿಸಿದ್ದರು. ಆಂಟೆನಾಕ್ಕೂ ಯಂತ್ರಕ್ಕೂ ಇನ್ನೂ ಪರಿಚಯವೇ ಆಗಿರಲಿಲ್ಲ. ಕೋಳಿಯೇ ಇಲ್ಲದ ಮನೆಯಲ್ಲಿ ಮೊಟ್ಟೆ ಸಿಕ್ಕಿದಂತೆ, ಒಂಬತ್ತೂವರೆ ಗಿಗಾಹರ್ಟ್ಸ್ ಎಂದು ಬರೆದಿದ್ದ ಕಡೆ, ಅದೇ ಅಗಲ, ಅದೇ ಆಳ, ಎಡದಂಡೆಗಿಂತ ಬಲದಂಡೆ ಕೂದಲೆಳೆಯಷ್ಟು ಎತ್ತರ, ಅವರದೇ ಹಳ್ಳ ಬಂದು ಕೂತಿತ್ತು. ಅವರು ಅಡಾಪ್ಟರನ್ನು ಬಿಚ್ಚಿ ಹೊಸದೊಂದನ್ನು ಹಾಕಿದರು. ಹಳ್ಳ ಹೋಯಿತು. ಹಳೆಯದನ್ನು ಹಾಕಿದರು. ಬಂತು. ಬಿಚ್ಚಿದರು, ಹಾಕಿದರು, ಬಿಚ್ಚಿದರು. ಒಂಬತ್ತನೆಯ ಸಲಕ್ಕೆ ಕೈ ತಾನಾಗಿ ನಿಂತಿತು. ದೇವರು ಕಣ್ಣ ಮುಂದೆ ಬಂದು ನಿಂತು ‘ಇನ್ನೂ ಎಷ್ಟು ಸಲ ಹೇಳಬೇಕಯ್ಯಾ ನಿನಗೆ?’ ಎಂದು ಕೇಳಿದಂತಾಯಿತು.

ಅದು ಅಂತಿಂಥ ಹಳ್ಳವಲ್ಲ. ಇಪ್ಪತ್ನಾಲ್ಕು ವರ್ಷದ ಹಿಂದೆ, ತಲೆಯಲ್ಲಿ ಕೂದಲೂ ಎದೆಯಲ್ಲಿ ಆಸೆಯೂ ದಟ್ಟವಾಗಿದ್ದ ಕಾಲದಲ್ಲಿ, ತಾವೇ ಕೈಯಾರೆ ಮಾಡಿದ ಆಂಟೆನಾವನ್ನು ಅಳೆಯುವಾಗ, ಎಂಟರಿಂದ ಹನ್ನೆರಡು ಗಿಗಾಹರ್ಟ್ಸ್‌ವರೆಗೆ ಹಾಸಿದ ಚಾಪೆಯಂತೆ ಹೋಗಬೇಕಾಗಿದ್ದ ಗೆರೆ ನಡುವೆ ಧಡಕ್ಕನೆ ಕೆಳಗಿಳಿದು ಮತ್ತೆ ಏನೂ ಆಗಿಲ್ಲವೆಂಬಂತೆ ಮೇಲೆ ಬಂದಿತ್ತು. ಬೇರೆಯವರಾಗಿದ್ದರೆ ಕೇಬಲ್ಲು ಬದಲಾಯಿಸುತ್ತಿದ್ದರು. ಮೇಷ್ಟ್ರು ಹೊಸದೇನೋ ಸಿಕ್ಕಿತೆಂದು ಆನಂದದ ಕಣ್ಣೀರು ಹಾಕಿದ್ದರು. ಆ ಹಳ್ಳ ಯಾಕೆ ಬಂತು ಎಂಬುದಕ್ಕೆ ಹದಿನೆಂಟು ಸಮೀಕರಣ ಬರೆದರು; ಹದಿನೆಂಟೂ ಹೇಳಿ ಮಾಡಿಸಿದಂತೆ ಕೂತವು. ಸಮೀಕರಣ ಬಡಪಾಯಿ, ಯಾರ ಪಕ್ಕ ಕೂರಿಸಿದರೂ ಕೂರುತ್ತದೆ. ಲೇಖನ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು, ಲೆಕ್ಚರರು ರೀಡರಾದರು, ರೀಡರು ಪ್ರೊಫೆಸರಾದರು, ವಿದ್ಯಾರ್ಥಿಗಳ ಬಾಯಲ್ಲಿ ಹಳ್ಳದ ಮೇಷ್ಟ್ರಾದರು. ಆರು ಜನ ಶಿಷ್ಯರು ಅದೇ ಹಳ್ಳದಲ್ಲಿ ಮಿಂದು ಡಾಕ್ಟರುಗಳಾಗಿ ದಡ ಹತ್ತಿದರು. ಪ್ರತಿಯೊಬ್ಬ ಶಿಷ್ಯ ಸೇರಿದ ದಿನವೂ ಮೇಷ್ಟ್ರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು, ಅದರೊಳಗಿನ ಬಟ್ಟೆ ಬಿಡಿಸಿ, ಬೆರಳ ಗೆಣ್ಣಿನಷ್ಟು ಉದ್ದದ ಆ ಹಿತ್ತಾಳೆಯ ಅಡಾಪ್ಟರನ್ನು ಅವನ ಅಂಗೈಯಲ್ಲಿಟ್ಟು, “ಇದರಲ್ಲೇ ಅಳಿ. ಹಳ್ಳ ಸಿಕ್ಕಿದ್ದು ಇದರಲ್ಲೇ” ಎನ್ನುತ್ತಿದ್ದರು. ಶಿಷ್ಯರಿಗೂ ಸಿಗುತ್ತಿತ್ತು. ಸಿಗದೆ ಎಲ್ಲಿಗೆ ಹೋಗುತ್ತದೆ? ಅಡಾಪ್ಟರಿನ ಮೈಮೇಲೆ ಒಂದು ಕೆಂಪು ಚುಕ್ಕೆಯಿತ್ತು. ತಯಾರಿಸಿದವರು ಶ್ರೇಷ್ಠ ಸರಕಿಗೆ ಹಾಕಿದ ಗುರುತೆಂದು ಮೇಷ್ಟ್ರು ಆರು ಜನಕ್ಕೂ ವಿವರಿಸಿದ್ದರು.

“ಏನ್ ಸಾರ್, ಬೆಳಬೆಳಿಗ್ಗೆ ಮುಖ ಹರಳೆಣ್ಣೆ ಕುಡಿದ ಹಾಗಿದೆ?” ಲ್ಯಾಬಿನ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮೂವತ್ತು ವರ್ಷ ಸವೆಸಿದ್ದ ಮೆಕ್ಯಾನಿಕ್ಕು, ಎಲ್ಲರೂ ಕೀಲಿಯಣ್ಣ ಎಂದು ಕರೆಯುವವನು, ಎರಡು ಲೋಟ ಚಹಾ ಹಿಡಿದು ಒಳಗೆ ಬಂದಿದ್ದ.

“ಇಲ್ಲಿ ನೋಡೋ. ಆಂಟೆನಾ ಇಲ್ಲದೇನೇ ಹಳ್ಳ ಬರ್ತಿದೆ.”

ಕೀಲಿಯಣ್ಣ ಪರದೆಯ ಕಡೆ ಕಣ್ಣು ಹಾಯಿಸಿ, ಚಹಾ ಚೆಲ್ಲದ ಹಾಗೆ ಲೋಟ ಇಳಿಸಿದ. “ಬರದೆ ಇನ್ನೇನು ಸಾರ್? ಆ ಒಡಕು ತುಂಡು ಹಾಕಿದ್ದೀರಲ್ಲ.”

“ಒಡಕಾ?”

“ಒಳಗಿನ ಬಿಳಿ ಮಣಿ ಸೀಳಿದೆ ಸಾರ್. ನಾನೇ ಕೆಂಪು ಬಣ್ಣ ಹಚ್ಚಿ ಕಸದ ಡಬ್ಬಿಗೆ ಹಾಕಿದ್ದೆ. ನೀವೇ ‘ಬೇರೆ ಯಾವುದೂ ಇಲ್ವಲ್ಲೋ’ ಅಂತ ಎತ್ಕೊಂಡ್ರಿ. ಆಗ ನಿಮ್ಗೆ ಮೀಸೆ ಇತ್ತು.”

“ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲೋ ನೀನು!”

“ನಿಮ್ಗೆ ಗೊತ್ತಿಲ್ಲ ಅಂತ ನಂಗೇನು ಗೊತ್ತು ಸಾರ್?” ಕೀಲಿಯಣ್ಣನಿಗೆ ನಿಜಕ್ಕೂ ನೋವಾಗಿತ್ತು. “ಹಳ್ಳ ಬರ್ಲಿ ಅಂತಾನೇ ಹಾಕ್ತೀರಿ ಅಂದ್ಕೊಂಡಿದ್ದೆ. ಓದಿದೋರ ವಿಷ್ಯ, ನಾವ್ಯಾಕೆ ಮೂಗು ತೂರಿಸ್ಬೇಕು? ಚಹಾ ಆರುತ್ತೆ, ಕುಡೀರಿ.”

ಮೇಷ್ಟ್ರು ಚಹಾ ಕುಡಿದರು. ಭೂಮಿ ಬಾಯಿ ಬಿಟ್ಟಾಗಲೂ ಚಹಾ ಬಿಸಿಯಾಗಿರುತ್ತದೆ, ನಾಲಿಗೆ ಸುಡುತ್ತದೆ ಎಂಬುದು ಅವರಿಗೆ ಸೋಜಿಗವಾಗಿ ಕಂಡಿತು. ಇವತ್ತು ಅವರು ಬೆಳಿಗ್ಗೆಯೇ ಲ್ಯಾಬಿಗೆ ಬಂದದ್ದು ಬೇರೆ ಕಾರಣಕ್ಕೆ. ಮಧ್ಯಾಹ್ನ ಮೂರಕ್ಕೆ ಅವರ ಏಳನೆಯ ಶಿಷ್ಯೆಯ ಪ್ರಬಂಧದ ಬಗ್ಗೆ ಸಮಿತಿ ಕೂರುತ್ತದೆ. ಅವಳ ಅಳತೆ ತಪ್ಪೆಂದು ತೋರಿಸುವುದಕ್ಕೆ ತಾವೇ ಖುದ್ದಾಗಿ ಒಮ್ಮೆ ಅಳೆದು, ಹಳ್ಳ ಹಿಡಿದುಕೊಂಡೇ ಹೋಗಬೇಕೆಂದು ಬಂದಿದ್ದರು. ಏಳನೆಯವಳಿಗೆ ಹಳ್ಳ ಸಿಕ್ಕಿರಲಿಲ್ಲ. ಮೇಷ್ಟ್ರ ಆಂಟೆನಾವನ್ನೇ ಸುಧಾರಿಸುವ ಕೆಲಸ ಅವಳದು, ಆದರೆ ಅವಳು ಎಷ್ಟು ಸಲ ಅಳೆದರೂ ಗೆರೆ ಚಾಪೆಯಂತೆ ಸಪಾಟು. ಸೇರಿದ ದಿನ ಅಂಗೈಯಲ್ಲಿಟ್ಟ ಅಡಾಪ್ಟರನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಸರ್, ಹೊಸದು ಬಂದಿದೆಯಲ್ಲ, ಡಬ್ಬಿ ಕೂಡ ಒಡೆದಿಲ್ಲ, ಅದನ್ನೇ ಬಳಸ್ತೀನಿ” ಎಂದು ವಾಪಸು ಕೊಟ್ಟಿದ್ದಳು. ಮೇಷ್ಟ್ರು ನಕ್ಕಿದ್ದರು. ಆ ನಗು ಅವರ ಹೊಟ್ಟೆಯೊಳಗೆ ಮೂಳೆಯಂತೆ ಸಿಕ್ಕಿಕೊಂಡು ಎರಡು ವರ್ಷವಾಗಿತ್ತು.

ಎರಡು ವರ್ಷದಿಂದ ಅವಳ ಸಪಾಟಾದ ಗೆರೆ ಕಂಡಾಗಲೆಲ್ಲ ಅವರು ‘ಇನ್ನೊಂದ್ಸಲ ಅಳಿ’ ಎಂದಿದ್ದರು. ಕೈಯ ಬಳೆ ತೆಗೆದು ಅಳಿ. ಕೂದಲಿನ ಕ್ಲಿಪ್ಪು ತೆಗೆದು ಅಳಿ. ಬೆಳಿಗ್ಗೆ ಅಳಿ, ತಂಪು ಹೊತ್ತಲ್ಲಿ ಅಳಿ. ಅಳೆಯುವಾಗ ಹತ್ತಿರ ನಿಲ್ಲಬೇಡ. ಒಂದು ದಿನ ಅವಳು ತಾಳ್ಮೆಗೆಟ್ಟು, “ಸರ್, ಪಕ್ಕದ ರೂಮಲ್ಲಿ ನಿಂತ್ಕೊಂಡೇ ಅಳೀತಿದ್ದೀನಿ. ಇನ್ನೂ ಸಾಲ್ದು ಅಂದ್ರೆ ಪಕ್ಕದ ಊರಿಗೆ ಹೋಗ್ಲಾ?” ಎಂದಿದ್ದಳು. ಹಾಗೆಂದವಳು ಒಂದು ವರ್ಷದ ಹಿಂದೆ ಮೆಲ್ಲಗೆ, ತಲೆ ತಗ್ಗಿಸಿಕೊಂಡು, “ಸರ್, ನಿಮ್ಮ ಅಡಾಪ್ಟರನ್ನ ಒಂದ್ಸಲ ಅಳೀಬಹುದಾ?” ಎಂದೂ ಕೇಳಿದ್ದಳು. ಆಗ ಮೇಷ್ಟ್ರ ಬಾಯಿಂದ ಬಂದ ಮಾತು ಈಗ ಚಹಾದ ಲೋಟದೊಳಗಿಂದ ಎದ್ದು ಬಂದು ಅವರ ಮುಖಕ್ಕೇ ಬಡಿಯಿತು. “ಗುರುವಿನ ಅಳತೆಗೋಲನ್ನೇ ಅಳೆಯೋಕೆ ಹೊರಟ್ಯಾ?” ಅವಳು ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡಿದ್ದಳು. ಧಡಾರನೆ ಮುಚ್ಚಿದ್ದರೆ ಚೆನ್ನಾಗಿತ್ತು. ದೂರದ ಒಂದು ರಾಡಾರ್ ಸಂಸ್ಥೆಯವರು ಅವಳಿಗೊಂದು ಹುದ್ದೆ ಇಟ್ಟುಕೊಂಡು ಕಾಯುತ್ತಿದ್ದಾರೆ. ಎರಡು ಸಲ ಗಡುವು ಮುಂದೂಡಿದ್ದಾರೆ, ಮೂರನೆಯ ಸಲ ಇಲ್ಲವೆಂದಿದ್ದಾರೆ. ಇವತ್ತು ಸಮಿತಿಯ ರುಜು ಬೀಳದಿದ್ದರೆ ಸೋಮವಾರ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಜೇಬಿನಲ್ಲಿ ಫೋನು ಗುಯ್ಗುಟ್ಟಿತು. ಹೆಂಡತಿ. “ಏನೂಂದ್ರೆ, ಹನ್ನೊಂದು ಗಂಟೆ ಮಾತ್ರೆ ತಗೊಂಡ್ರಾ?”

“ಇವಳೇ, ಒಂದು ತಪ್ಪಾಗಿದೆ.”

“ಮಾತ್ರೆ ಮನೇಲೇ ಬಿಟ್ಟು ಹೋದ್ರಾ?”

ಅವರು ಹೇಳಿದರು. ಯಂತ್ರ, ಕೇಬಲ್ಲು, ಅಡಾಪ್ಟರು, ಸೀಳಿದ ಮಣಿ, ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿದರು. ಅಳೆಯುವುದಕ್ಕೆ ಮುಂಚೆ ಕ್ಯಾಲಿಬ್ರೇಶನ್ ಎಂದು ಯಂತ್ರಕ್ಕೆ ಸೊನ್ನೆ ಯಾವುದೆಂದು ತೋರಿಸಿಕೊಡುವ ಕ್ರಮವಿದೆಯೆಂದೂ, ಪದೇ ಪದೇ ತಿರುಗಿಸಿದರೆ ಅಡಾಪ್ಟರ್ ಸವೆದೀತೆಂಬ ಪ್ರೀತಿಯಿಂದ ತಾವು ಅದನ್ನು ಯಾವಾಗಲೂ ಕ್ಯಾಲಿಬ್ರೇಶನ್ ಮುಗಿದ ಮೇಲೆಯೇ ಕೂರಿಸುತ್ತಿದ್ದರೆಂದೂ ಹೇಳಿದರು. ಆ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

“ಅಂದ್ರೆ, ಪಾತ್ರೆ ತೂಕ ಕಳೀದೆ ಎಣ್ಣೆ ತೂಗಿದ್ದೀರಿ.”

“...ಹೂಂ.”

“ಇಪ್ಪತ್ನಾಲ್ಕು ವರ್ಷ.”

“ಹೂಂ ಕಣೇ.”

“ಅಂಗಡೀಲಿ ಯಾರಾದ್ರೂ ಹಾಗೆ ತೂಗಿದ್ರೆ ನೀವೇ ಜಗಳ ಆಡ್ತೀರಲ್ರೀ.” ಆಮೇಲೆ ಅವಳ ದನಿ ಮೆತ್ತಗಾಯಿತು. “ಆ ಡಬ್ಬೀಲಿ ಕನ್ನಡಕ ಇಡಿ, ಕನ್ನಡಕ ಇಡಿ ಅಂತ ಬಡ್ಕೊಂಡೆ. ಅದಕ್ಕೆ ರೇಷ್ಮೆ ಬಟ್ಟೆ, ಕನ್ನಡಕಕ್ಕೆ ಅಂಗಿ ಜೇಬು. ಆ ಹುಡುಗಿಗೆ ಏನು ಹೇಳ್ತೀರಿ ಈಗ?”

ಮೇಷ್ಟ್ರು ಫೋನನ್ನು ಜೇಬಿಗಿಳಿಸಿದರು. ಮಾತ್ರೆ ನುಂಗಿ, ಚಪ್ಪಲಿ ಬಿಟ್ಟು, ಪಕ್ಕದ, ಆಂಟೆನಾ ಅಳೆಯುವ ಚೇಂಬರಿನೊಳಗೆ ಹೋಗಿ ಬಾಗಿಲು ಎಳೆದುಕೊಂಡರು. ಗೋಡೆ, ಸೂರು, ನೆಲವೆಲ್ಲ ಮೊಳದುದ್ದದ ನೀಲಿ ಫೋಮಿನ ಗೋಪುರಗಳು ತುಂಬಿದ್ದ ಆ ಕೋಣೆಯಲ್ಲಿ ಬಿದ್ದ ರೇಡಿಯೋ ಅಲೆ ವಾಪಸು ಬರುವುದಿಲ್ಲ, ಆಡಿದ ಮಾತೂ ವಾಪಸು ಬರುವುದಿಲ್ಲ. ನಡುವಿನ ಹಲಗೆಯ ಮೇಲೆ ಕೂತರೆ ಕಿವಿಯಲ್ಲಿ ರಕ್ತ ಹರಿಯುವ ಸದ್ದು ಕೇಳಿಸುತ್ತದೆ. ಕಷ್ಟ ಬಂದಾಗಲೆಲ್ಲ ಅವರು ಇಲ್ಲಿ ಬಂದು ದೇವರೊಂದಿಗೆ ಮಾತಾಡುವುದಿತ್ತು. ಗೋಡೆ ಅಡ್ಡಮಾತಾಡುವುದಿಲ್ಲವಾದ್ದರಿಂದ ದೇವರಿಗೆ ಸ್ಪಷ್ಟವಾಗಿ ಕೇಳಿಸೀತೆಂಬ ನಂಬಿಕೆ. ‘ಸ್ವಾಮೀ, ನಿನಗೆ ಗೊತ್ತಿತ್ತಲ್ಲ’ ಎಂದರು. ಮಾತು ತುಟಿಯಿಂದ ಒಂದು ಗೇಣು ಹೋಗಿ ಸತ್ತಿತು. ಕೀಲಿಯಣ್ಣನಿಗೂ ಗೊತ್ತಿತ್ತು, ದೇವರಿಗೂ ಗೊತ್ತಿತ್ತು, ಇಬ್ಬರೂ ಓದಿದವರ ವಿಷಯವೆಂದು ಸುಮ್ಮನಿದ್ದರೇನೋ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯೊಂದು ನೆನಪಾಯಿತು: ಹಸಿರು ಕನ್ನಡಕ ಹಾಕಿಸಿಕೊಂಡು ಒಣಹುಲ್ಲು ಮೇದ ಕುದುರೆ ಹುಲ್ಲನ್ನು ಹೊಗಳಿ ಹೊಗಳಿ ದಪ್ಪಗಾಗಿತ್ತಂತೆ. ಕನ್ನಡಕ ತೆಗೆದ ದಿನ ಕುದುರೆ ಏನು ಮಾಡಿತಜ್ಜಿ ಎಂದು ಕೇಳಿದ್ದಕ್ಕೆ ಅಜ್ಜಿ, ಏನು ಮಾಡುತ್ತೆ ಮಗಾ, ಅಷ್ಟು ದಿನ ಬದುಕಿಸಿದ್ದು ಒಣಹುಲ್ಲೇ ಅಲ್ವಾ ಎಂದಿದ್ದಳು. ಆಗ ಅದು ಕಥೆಯ ಮುಕ್ತಾಯವೇ ಅಲ್ಲವೆಂದು ಅವರು ಅತ್ತಿದ್ದರು. ಇನ್ನು ಮೂರು ತಿಂಗಳಿಗೆ ನಿವೃತ್ತಿ. ಹಳ್ಳವೊಂದನ್ನು ಬಿಟ್ಟರೆ ತಮ್ಮ ಹೆಸರಿನ ಕೆಳಗೆ ಏನಿದೆ? ಒಂದು ಉಪಾಯವಿತ್ತು, ಬಹಳ ಸುಲಭದ್ದು. ಮೂರು ಗಂಟೆಗೆ ಹೋಗಿ, ದೊಡ್ಡ ಮನಸ್ಸು ಮಾಡಿದವನಂತೆ, ಇರಲಿ ಪಾಪ, ಹುಡುಗಿಯ ಭವಿಷ್ಯ ಎಂದು ರುಜು ಹಾಕಿಬಿಡುವುದು. ಅವಳಿಗೆ ಕೆಲಸ ಸಿಗುತ್ತದೆ, ತಮಗೆ ಹಳ್ಳ ಉಳಿಯುತ್ತದೆ, ಮೇಲೆ ಒಂದಿಷ್ಟು ಪುಣ್ಯವೂ ಬರುತ್ತದೆ. ಉಪಾಯ ಎಷ್ಟು ಚೆನ್ನಾಗಿತ್ತೆಂದರೆ ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಎದ್ದರು. ಕಾಲು ಜೋಮು ಹಿಡಿದಿದ್ದರಿಂದ ಒಂದು ನೀಲಿ ಗೋಪುರದ ಮೇಲೆ ಕೂತು, ಅದರ ತುದಿ ಮುರಿದು, ಎರಡನೆಯ ಸಲ ಎದ್ದರು.

ಸಮಿತಿಯ ಕೋಣೆಯಲ್ಲಿ ಮೂವರಿದ್ದರು. ವಿಭಾಗದ ಮುಖ್ಯಸ್ಥ, ಅವನು ಮೇಷ್ಟ್ರ ಮೊದಲನೆಯ ಶಿಷ್ಯ, ಹಳ್ಳದಲ್ಲಿ ಮೊದಲು ಮಿಂದವನು. ಹೊರಗಿನಿಂದ ಬಂದ ಹಿರಿಯ ಪ್ರೊಫೆಸರೊಬ್ಬರು, ಐದೂ ಮುಕ್ಕಾಲರ ರೈಲಿನ ಟಿಕೆಟ್ಟನ್ನು ಪ್ರಬಂಧದೊಳಗೆ ಗುರುತಿಗೆ ಇಟ್ಟುಕೊಂಡಿದ್ದರು. ಮೂಲೆಯ ಕುರ್ಚಿಯಲ್ಲಿ ಏಳನೆಯವಳು, ಬಳೆಯಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕ್ಲಿಪ್ಪೂ ಇರಲಿಲ್ಲ, ಕೂದಲನ್ನು ದಾರದಲ್ಲಿ ಕಟ್ಟಿದ್ದಳು. ಅದನ್ನು ಮೇಷ್ಟ್ರು ಇವತ್ತೇ ಕಂಡರು.

“ಸರ್, ಹೇಳಿ,” ಮುಖ್ಯಸ್ಥ ಪೆನ್ನು ಬಿಚ್ಚಿದ. “ಇವರಿಗೆ ಇನ್ನಾರು ತಿಂಗಳು ಕೊಡೋಣ್ವಾ? ಹಳ್ಳ ಸಿಗೋವರೆಗೆ?”

ಮೇಷ್ಟ್ರು ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಬಟ್ಟೆ ಬಿಡಿಸಿದರು. ಮುಖ್ಯಸ್ಥ ಅದನ್ನು ಕಂಡವನೇ ಅರ್ಧ ಎದ್ದು ನಿಂತು, ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. “ಎಷ್ಟು ವರ್ಷ ಆಯ್ತು ಸರ್ ಇದನ್ನ ನೋಡಿ!”

“ಕೆಳಗಿಡು. ಅದು ಒಡೆದಿದೆ.”

“ನನ್ನ ಕೈಯಲ್ಲಿ ಏನೂ ಆಗ್ಲಿಲ್ಲ ಸರ್, ಈಗ ತಾನೇ ಎತ್ತಿದೆ...”

“ನೀನು ಹುಟ್ಟಿಸಿದ ಒಡಕಲ್ಲಪ್ಪ. ಇಪ್ಪತ್ನಾಲ್ಕು ವರ್ಷದಿಂದ ಒಡೆದಿದೆ. ಹಳ್ಳ ಇರೋದು ಅದರೊಳಗೆ. ಆಂಟೆನಾದಲ್ಲಿ ಇಲ್ಲ. ಯಾವತ್ತೂ ಇರ್ಲಿಲ್ಲ. ಬೆಳಿಗ್ಗೆ ಕಣ್ಣಾರೆ ನೋಡ್ದೆ. ಈ ಹುಡುಗಿ ಅಳತೆ ಸರಿ. ಎರಡು ವರ್ಷದಿಂದ ಸರಿ ಇತ್ತು.”

ಮುಖ್ಯಸ್ಥನ ಮುಖದಲ್ಲಿ ಮೊದಲು ನಗು, ಆಮೇಲೆ ಲೆಕ್ಕಾಚಾರ, ಆಮೇಲೆ ಮೂರನೇ ತರಗತಿಯ ಮಗುವಿನ ಭಯ ಒಂದರ ಹಿಂದೊಂದು ಬಂದವು. “ಸರ್ ಯಾವಾಗ್ಲೂ ಹೀಗೇ, ವಿನಯ ಜಾಸ್ತಿ,” ಎಂದು ಹೊರಗಿನವರಿಗೆ ಹೇಳಿ, ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದ. “ಸರ್, ಹಳ್ಳ ಹೋದ್ರೆ ನನ್ನ ಗತಿ? ನನ್ನ ಪ್ರಬಂಧದಲ್ಲಿ ಬೇರೆ ಏನೂ ಇಲ್ಲ ಸರ್!”

“ನಂದ್ರಲ್ಲೂ ಇಲ್ಲಪ್ಪ.”

“ಒಂದು ಕೆಲಸ ಮಾಡೋಣ. ‘ಹಳ್ಳ ಕೆಲವು ಸಲ ಬರುತ್ತೆ, ಕೆಲವು ಸಲ ಬರಲ್ಲ’ ಅಂತ ಇವರ ಕೈಲಿ ಒಂದು ಸಾಲು ಬರೆಸಿಬಿಡೋಣ. ಇವರಿಗೂ ರುಜು ಆಯ್ತು, ಎಲ್ಲರ ಮರ್ಯಾದೇನೂ ಉಳೀತು.”

“ಬರೆಯಲ್ಲ ಸರ್,” ಮೂಲೆಯಿಂದ ಏಳನೆಯವಳ ದನಿ ಬಂತು. ಜೋರಾಗಿರಲಿಲ್ಲ. “ಬಂದಿಲ್ಲ. ಬರ್ಲಿಲ್ಲ ಅಂತಾನೇ ಬರೆದಿದ್ದೀನಿ.”

ಹೊರಗಿನ ಪ್ರೊಫೆಸರು ಟಿಕೆಟ್ಟು ತೆಗೆದು ಜೇಬಿಗಿಟ್ಟುಕೊಂಡು ಮೇಷ್ಟ್ರನ್ನೇ ದಿಟ್ಟಿಸಿದರು. “ಇದನ್ನ ಹೊರಗೆ ಗೊತ್ತಾಗೋ ಹಾಗೆ ಪತ್ರಿಕೆಗೆ ಬರೀತೀರಾ ನೀವು?”

ಈ ಪ್ರಶ್ನೆ ಮಾತ್ರ ಮೇಷ್ಟ್ರು ಚೇಂಬರಿನಲ್ಲಿ ಕೇಳಿಕೊಂಡಿರಲಿಲ್ಲ. ಕಣ್ಣ ಮುಂದೆ ಅಚ್ಚಾದ ಪುಟ ಬಂತು, ಅದರಡಿ ಸಣ್ಣಕ್ಷರದಲ್ಲಿ ತಮ್ಮ ಹೆಸರು, ನಗುವ ಮುಖಗಳು, ಬೀಳ್ಕೊಡುಗೆಯ ಸಭೆಯಲ್ಲಿ ಏನು ಹೊಗಳಬೇಕೆಂದು ತೋಚದೆ ಕೆಮ್ಮುವ ಭಾಷಣಕಾರರು. “ಬರೀತೀನಿ,” ಎಂದರು. “ಹದಿನೆಂಟು ಸಮೀಕರಣ ಬರೆದೋನಿಗೆ ನಾಲ್ಕು ಸಾಲು ಕಷ್ಟವಾ?” ಕಷ್ಟವೇ ಆಗಿತ್ತು. ಹೊರಗಿನವರು ಮೊದಲು ರುಜು ಹಾಕಿದರು. ಮೇಷ್ಟ್ರು ಹಾಕಿದರು. ಮುಖ್ಯಸ್ಥ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, ಕೊನೆಗೆ ಮೇಷ್ಟ್ರ ಮುಖ ನೋಡಿ ರುಜು ಹಾಕಿದ. ಅವನ ರುಜು ಆವತ್ತು ಹಾವು ಹರಿದಾಡಿದಂತಿತ್ತು.

ಕಾಗದ ಎದೆಗೊತ್ತಿಕೊಂಡು ಮನೆಗೆ ಓಡಬೇಕಾಗಿದ್ದ ಏಳನೆಯವಳು ಮೊಗಸಾಲೆಯಲ್ಲಿ ನಿಂತಿದ್ದಳು. “ನೋಡಮ್ಮ,” ಎಂದರು ಮೇಷ್ಟ್ರು. ಮುಂದಿನ ಮಾತು ಕಟ್ಟಿಟ್ಟುಕೊಂಡಿದ್ದರು. “ಬಳೆ ಹಾಕ್ಕೋ ಇನ್ನು,” ಎಂದಷ್ಟೇ ಬಂತು.

ಅವಳು ನಗಲಿಲ್ಲ, ಅಳಲೂ ಇಲ್ಲ. “ಸರ್, ಅದನ್ನ ಈಗ ಅಳೀಬಹುದಾ?” ಎಂದು ಅಂಗೈ ಚಾಚಿದಳು. ಆರು ಜನರಿಗೆ ತಾವಾಗಿಯೇ ಕೊಟ್ಟಿದ್ದನ್ನು ಮೇಷ್ಟ್ರು ಏಳನೆಯವಳಿಗೆ ಅವಳು ಕೇಳಿದ ಮೇಲೆ ಕೊಟ್ಟರು.

ಲ್ಯಾಬಿನಲ್ಲಿ ಅವಳು ಕ್ಯಾಲಿಬ್ರೇಶನ್ ಮುಗಿಸಿ, ಅಡಾಪ್ಟರ್ ಒಂದನ್ನೇ ಅಳೆದು, ಎಂಟರಿಂದ ಹನ್ನೆರಡರವರೆಗೆ ಎಲ್ಲ ಕಡೆಯೂ ಅದು ಅಲೆಯನ್ನು ಎಷ್ಟೆಷ್ಟು ತಿಂದುಹಾಕುತ್ತದೆಂಬುದನ್ನು ಕಂಪ್ಯೂಟರಿಗೆ ಉಣಿಸಿದಳು. ಆಮೇಲೆ ಬೇರೊಂದು ಕಡತ ತೆರೆದಳು. ಮೇಷ್ಟ್ರು ಬಗ್ಗಿ ನೋಡಿದರು. ಇಪ್ಪತ್ನಾಲ್ಕು ವರ್ಷದ ಹಿಂದೆ ತಾವು ರೂಲು ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಅಂಕಿಗಳು, ನಾನ್ನೂರು ಸಾಲು.

“ಇದನ್ನ ಯಾವಾಗ ಟೈಪ್ ಮಾಡ್ದೆ?”

“ಹೋದ ವರ್ಷ ಸರ್. ನೀವು ಕೊಡಲ್ಲ ಅಂದ್ರಲ್ಲ, ಆವತ್ತು ಸಾಯಂಕಾಲ.” ಕೀಲಿಮಣೆ ಒತ್ತಿದಳು. “ಇದರಿಂದ ಅದನ್ನ ಕಳೀತೀನಿ.”

ಪಾತ್ರೆಯ ತೂಕ ಕಳೆಯಿತು. ಹಳ್ಳ ತುಂಬಿಕೊಂಡಿತು. ಮೇಷ್ಟ್ರು ಮೊದಲ ಬಾರಿಗೆ ತಮ್ಮ ಆಂಟೆನಾದ ಮುಖ ನೋಡಿದರು. ಆ ಗೆರೆಯ ಮೇಲೆ ಅವಳು ತನ್ನ ಎರಡು ವರ್ಷದ ಗೆರೆಯನ್ನು ಕೆಂಪಿನಲ್ಲಿ ಎಳೆದಳು. ಎರಡು ಎಂದು ಯಂತ್ರ ಹೇಳುತ್ತಿತ್ತು. ಕಣ್ಣಿಗೆ ಒಂದೇ ಕಾಣಿಸುತ್ತಿತ್ತು.

“ಎಷ್ಟು ಚೆನ್ನಾಗಿ ಅಳೆದಿದ್ದೀರಿ ಸರ್,” ಎಂದಳು ಅವಳು, ಅಂಕಿಗಳನ್ನೇ ನೋಡುತ್ತ. “ಆ ಕಾಲದ ಯಂತ್ರದಲ್ಲಿ! ಆಗ ಇಷ್ಟು ಅಗಲಕ್ಕೆ ಇಷ್ಟು ಸಪಾಟಾದ ಆಂಟೆನಾ ಯಾರ ಹತ್ರಾನೂ ಇರ್ಲಿಲ್ಲ. ಇದನ್ನೇ ಬರೆದಿದ್ರೆ ಸಾಕಾಗಿತ್ತು.”

ಹೊಗಳಿಕೆಯೋ ತಪರಾಕಿಯೋ ಅವರಿಗೆ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೇ ತೆಗೆದುಕೊಂಡರು. ಅಷ್ಟು ದಿನ ಬದುಕಿಸಿದ್ದು ಒಣಹುಲ್ಲೇ ಅಲ್ವಾ ಮಗಾ. ಕನ್ನಡಕ ಮಸುಕಾಯಿತು, ತೆಗೆದು ಒರೆಸಿದರು. ಗೀರು ಬಿದ್ದ ಗಾಜು ಎಷ್ಟು ಒರೆಸಿದರೂ ಅಷ್ಟೇ. ಅವಳು ಅಡಾಪ್ಟರನ್ನು ಮುಷ್ಟಿಯಲ್ಲಿ ಹಿಡಿದು, “ಇದು ಇವತ್ತು ನನ್ನ ಹತ್ರಾನೇ ಇರ್ಲಿ ಸರ್. ಆರೂ ಜನದ ಗೆರೆಯಿಂದ ಕಳೆದು ನೋಡ್ತೀನಿ, ಎಲ್ಲರ ಕೆಲಸಾನೂ ಹಾಳಾಗಿರಲ್ಲ” ಎಂದಳು. ಮೇಷ್ಟ್ರ ಕೈಯಲ್ಲಿ ಬರಿದಾದ ಡಬ್ಬಿ ಉಳಿಯಿತು. ಅವರು ಒಂದು ಕ್ಷಣ ಯೋಚಿಸಿ, ಕನ್ನಡಕವನ್ನು ಮಡಿಸಿ, ರೇಷ್ಮೆ ಬಟ್ಟೆಯ ಮೇಲಿಟ್ಟು, ಡಬ್ಬಿ ಮುಚ್ಚಿದರು. ಹೇಳಿ ಮಾಡಿಸಿದಂತೆ ಕೂತಿತು. ಮನೆಗೆ ಹೋದಮೇಲೆ ಹೆಂಡತಿಗೆ ತೋರಿಸಬೇಕೆಂದುಕೊಂಡು, ಬಹಳ ದಿನದ ಮೇಲೆ ಹಗುರವಾದ ಹೆಜ್ಜೆ ಹಾಕುತ್ತ ಬಾಗಿಲು ದಾಟಿದರು.

ಕೀಲಿಯಣ್ಣ ಓಡಿಬಂದು ಮೊಣಕೈ ಹಿಡಿದ. “ಸಾರ್, ಸಾರ್! ಕನ್ನಡಕ ಹಾಕ್ಕೊಳ್ಳಿ. ಮುಂದೆ ಮೆಟ್ಟಿಲಿದೆ.”